ಮುಂದಿನ ಪಟ್ಟಿ, ಹಿಂದಿನ ಹುರಿ

ವಾಡಿಯಿಂದ ಶಹಾಬಾದ್ ಕಡಿ ಹೋಗೂ ಹಾದಿಯಾಗ, ನೆಲಕ್ಕ ಹಾಸೂ ಪರ್ಸಿಗಲ್ಲಿನ ಗಣಿಗಳ ಹಿಂದ ಒಂದು ಓಣಿ ಇತ್ತು. ಆ ಓಣ್ಯಾಗ ಮನಿಗೊಬ್ಬ ಕಲ್ಲು ಕಡಿಯಾಂವ. ಆದ್ರ ಅವರ ದವಾಖಾನಿ ಚೀಟಿಗಳನ್ನೆಲ್ಲ ಒಂದ್ಕಡಿ ಕೂಡಿಸಿ ಓದಿದ್ರ ಕಲ್ಲು ಕಡಿಯಾಂವ ಒಬ್ಬನೂ ಸಿಗ್ತಿರ್ಲಿಲ್ಲ. ಬೆರಳು ಜಜ್ಜಿಕೊಂಡ ಮಾಳಮ್ಮನ ಗಂಡ ಚೀಟಿಯೊಳಗ ಬಡಗಿ. ಕಣ್ಣಿಗೆ ಚೂರು ಹೊಕ್ಕ ಮಾಳಮ್ಮನ ಮೈದುನ ದರ್ಜಿ. ಪಾದದ ಮ್ಯಾಲ ಪರ್ಸಿ ಕೆಡವಿಕೊಂಡ ಮುದುಕ ಹಣಮಪ್ಪ ಎತ್ತಿನ ಬಂಡಿಯಿಂದ ಬಿದ್ದಾಂವ. ಅವನ ಮನ್ಯಾಗ ಅಜ್ಜನ ಕಾಲದಿಂದಲೂ ಎತ್ತು ಅಂಬೂದೇ ಇರ್ಲಿಲ್ಲ, ಬಂಡಿ ಎಲ್ಲಿಂದ ಬರಬೇಕು!

ಕಾರಣ ಇಷ್ಟ. ಗಣಿಯ ಪರವಾನಗಿ ಮುಗದು ಎರಡು ವರ್ಷ ಆಗಿತ್ತು. ದವಾಖಾನಿಯವರು "ಗಣಿಯಾಗ ಪೆಟ್ಟು" ಅಂತ ಬರದ್ರ ಆ ಕಾಗದ ಠಾಣೆಗೆ ಹೋಗ್ತದ, ಠಾಣೆಯಿಂದ ಸಾಹೇಬ್ರು ಬರ್ತಾರ, ಗಣಿಗೆ ಬೀಗ ಬೀಳ್ತದ. ನಲವತ್ತು ಮನಿಯ ಒಲಿ ಆರ್ತಾವ. ಯಾರೂ ಯಾರಿಗೂ ಕಲಿಸಿಕೊಟ್ಟದ್ದಲ್ಲ. ಪೆಟ್ಟಾದ ಕೂಡಲೇ ನೋವಿಗಿಂತ ಮೊದಲು ಬ್ಯಾರೆ ಉದ್ಯೋಗ ನೆನಪಾಗ್ತಿತ್ತು ಅವರಿಗೆ. ಅಂಥಾ ಓಣಿ ಅದು, ಅಲ್ಲಿಯಾಂವ ಭೀಮಶ್ಯಾ.

ಭೀಮಶ್ಯಾ ಮೈಸೂರು ರಾಜ್ಯ ಅಂತಿದ್ದ ಕಾಲಕ್ಕ ಗಣಿಗೆ ಇಳದಾಂವ, ಕರ್ನಾಟಕ ಆದ ಮ್ಯಾಲೂ ಅಲ್ಲೇ ಇದ್ದ. ಹೆಸರು ಬದಲಾತು, ಕಲ್ಲಿನ ಬಣ್ಣ ಬದಲಾಗ್ಲಿಲ್ಲ ಅಂತ ತಾನ ಚಾಷ್ಟಿ ಮಾಡ್ತಿದ್ದ. ಕಲ್ಲು ಎಬ್ಬಿಸೂದು ಯಾರಾದ್ರೂ ಮಾಡ್ತಾರ. ಆದ್ರ ಎಬ್ಬಿಸಿದ ಪರ್ಸಿಯ ಅಂಚು ನೆಟ್ಟಗ ಕಡಿಯೂದು ಅವನ ಕೆಲಸ. ಎಡ ಮೊಣಕಾಲು ಪರ್ಸಿಯ ಮ್ಯಾಲ ಊರಬೇಕು, ಬಲಗಾಲು ಮುಂದ ಚಾಚಿ ಬಿಗಿ ಹಿಡೀಬೇಕು, ಮೈಭಾರ ಎಲ್ಲಾ ಆ ಎಡ ಮೊಣಕಾಲಿಗೆ ಬಿಟ್ಟು, ಚಾಣ ಇಟ್ಟು ಸುತ್ತಿಗಿ ಬಿಡಬೇಕು. ಮೊಣಕಾಲು ಕಲ್ಲಿಗೆ ಹತ್ತಿದ್ರ ಒಳಗಿನ ನಡುಕ ಮೈಗೆ ತಿಳೀತದ, ಎಲ್ಲಿ ಒಡೀತದ ಎಲ್ಲಿ ಇಲ್ಲ ಅನ್ನೂದು ಗೊತ್ತಾಗ್ತದ ಅಂತಿದ್ದ ಅವ. ಕುಂಡಿ ಊರಿ ಕುಂತು ಕಡಿಯಾವರನ್ನ ನೋಡಿದ್ರ ನಗ್ತಿದ್ದ. "ಕಲ್ಲು ಕಡಿಯಾಕತ್ತೀರೋ, ಹಿಟ್ಟು ನಾದಾಕತ್ತೀರೋ?" ಸೇಡಂದಾಗ, ಚಿತ್ತಾಪುರದಾಗ ಯಾವ್ದಾದ್ರೂ ಹೊಸ ಪಡಸಾಲಿ ಕಂಡ್ರ ಚಪ್ಪಲಿ ಬಿಟ್ಟು ಒಳಗ ಹೋಗಿ ಸಂದು ನೋಡ್ತಿದ್ದ. ಸಂದಿನಾಗ ಉಗುರು ಹೋಗ್ಲಿಲ್ಲ ಅಂದ್ರ ಅದು ಅವನ ಕಲ್ಲು. ಅದೊಂದು ಹೆಮ್ಮಿ, ಬ್ಯಾರೆ ಏನಿತ್ತು ಅವನ ಹತ್ರ?

ಎಂಬತ್ಮೂರರ ಬ್ಯಾಸಗಿ. ನಾಕು ಮಂದಿ ಸೇರಿ ಒಂದು ದೊಡ್ಡ ಪರ್ಸಿ ಲಾರಿಗೆ ಏರಸಾಕತ್ತಿದ್ರು. ಭೀಮಶ್ಯಾನ ಎಡಪಾದ ಎರಡು ಕಲ್ಲಿನ ನಡುವ ಸಿಕ್ಕಿತ್ತು. ಪರ್ಸಿ ಜಾರಿತು, ಮೈ ಹೊರಳಿತು, ಪಾದ ಹೊರಳಲಿಲ್ಲ. "ಟಪ್" ಅಂತ ಸಪ್ಪಳಾತು. ಉಳಿದ ಮೂವರೂ ಪರ್ಸಿ ಒಡೀತು ಅಂತ ಅದರ ಕಡಿ ಓಡಿದ್ರು. ನೆಲಕ್ಕ ಬಿದ್ದ ಭೀಮಶ್ಯಾ ಹಲ್ಲು ಕಚ್ಚಿ ಅಂದ: "ಪರ್ಸಿ ಅಲ್ರೋ, ನಾನು."

ಆಡಕಿ ಊರಿನ ಎಲುಬು ಕಟ್ಟಾಂವನ ಹತ್ರ ನಲವತ್ತು ದಿನ ಬಿದಿರು ಸೀಳು, ಪಟ್ಟಿ, ಎಣ್ಣಿ ಎಲ್ಲಾ ಆತು. ಬಾವು ಇಳೀತು. ನಡೀಲಿಕ್ಕೂ ಬಂತು. ಆದ್ರ ನಡೀತಾ ನಡೀತಾ ಮೊಣಕಾಲು ಒಮ್ಮಿಂದೊಮ್ಮಿಗೆ ಕೈಕೊಡ್ತಿತ್ತು. ನೀರಿನ ಕೊಡ ಹಿಡಿದು ಬರಾಂವ ಅಂಗಳದಾಗ ಬೀಳ್ತಿದ್ದ. ಕಡೀಕ ಶಹಾಬಾದಿನ ಡಾಕ್ಟರು ಮುಟ್ಟಿ ನೋಡಿ, ಮೊಣಕಾಲಿನ ಒಳಗ ಎರಡು ಎಲುಬು ಹಿಡಿದಿಡೂ ಹುರಿ ಹರದದ, ಇದು ಹೈದರಾಬಾದಿನ ಕೆಲಸ ಅಂತ ಕೈ ಚೆಲ್ಲಿದ್ರು.

ಗಣಿಯ ಮಾಲಕ ದವಾಖಾನಿ ಖರ್ಚು ತಾನ ನೋಡಿಕೊಳ್ತೀನಿ ಅಂದ. ಮಾತು ಕೊಟ್ಟಾಂವ ಅವನ, ಆದ್ರ ಸಂಗಡ ಕಳಿಸಿದ್ದು ಭಗವಂತನ್ನ. ಭಗವಂತ ಗಣಿಯ ಮುಕಾದಮ, ಆಳುಗಳ ಮುಂದಾಳು, ಅದೇ ಓಣಿಯಾಂವ. ಕೆಟ್ಟ ಮನುಷ್ಯ ಅನ್ನಾಂಗಿಲ್ಲ. ರೈಲಿನಾಗ ತನ್ನ ತೊಡಿಮ್ಯಾಲ ಭೀಮಶ್ಯಾನ ಕಾಲು ಇಟ್ಟುಕೊಂಡು ತಾಂಡೂರು ದಾಟೂತನ ಅಲುಗಾಡದಂಗ ಹಿಡಿದು ಕುಂತಿದ್ದ. ಇಳಿಯೂ ಮುಂದ ಮಾತ್ರ ಕಿವಿಯಾಗ ಅಂದ: "ಭೀಮ್ಯಾ, ನೀ ಕಿರಾಣಿ ಅಂಗಡ್ಯಾಗ ಕೂಡಾಂವ. ಸೈಕಲ್ ಮ್ಯಾಲಿಂದ ಬಿದ್ದೀ. ನೆನಪಿರ್ಲಿ." ಭೀಮಶ್ಯಾ ನಕ್ಕ. "ಸೈಕಲ್ ಹೊಡೀಲಿಕ್ಕೆ ಬರೂದಿಲ್ಲಲ್ಲೋ ಅಣ್ಣಾ ನನಗ." "ಅದಕ್ಕ ಬಿದ್ದೀ" ಅಂದ ಭಗವಂತ. ಹಿಂದಿನ ಸೀಟಿನಾಗ ಗಂಟು ಹಿಡಿದು ಕುಂತಿದ್ದ ಭೀಮಶ್ಯಾನ ಹೆಂಡತಿ ಅನಸುಬಾಯಿಗೆ ಈ ಮಾತು ಕೇಳಿಸಲಿಲ್ಲ.

ದವಾಖಾನಿ ದೊಡ್ಡದು. ಒಳಗ ಕಾಲಿಟ್ಟ ಕೂಡಲೇ ಭೀಮಶ್ಯಾ ನೆಲ ನೋಡಿದ. ಶಹಾಬಾದಿ ಪರ್ಸಿ. ಯಾರೋ ಕುಂಡಿ ಊರಿ ಕಡದದ್ದು, ಸಂದಿನಾಗ ಎರಡು ಬೆರಳು ಹೋಗ್ತಿತ್ತು. ಅಷ್ಟು ನೋವಿನಾಗೂ ಬೈದ ಅವ.

ಎಲುಬಿನ ಡಾಕ್ಟರು ಚಂದ್ರಾಮಪ್ಪ ಅಂತ, ಚಿಂಚೋಳಿ ಕಡಿ ಹಳ್ಳ್ಯಾಗ ಹುಟ್ಟಿ ಓದಿ ಮ್ಯಾಲ ಬಂದಾವರು. ನಮ್ಮ ಮಾತು ಕೇಳಿ ಅವರ ಮುಖ ಅರಳಿತು. "ವಾಡಿಯಾವನೇನೋ? ಕುಂದುರು, ಕುಂದುರು" ಅಂತ ತಾವ ಕೈ ಹಿಡಿದು ಕುಂದರಿಸಿದ್ರು. ಮೊಣಕಾಲು ಮಡಚಿಸಿ, ಮೀನಖಂಡ ಹಿಡಿದು ಮುಂದಕ್ಕ ಜಗ್ಗಿದ್ರು. ಮೇಜಿನ ಖಾನಿ ಜಗ್ಗಿದಾಂಗ ಕಾಲು ಮುಂದ ಬಂತು. ತನ್ನ ಕಾಲು ತನ್ನ ಕಣ್ಣೆದುರು ಹಾಂಗ ಬರೂದು ನೋಡಿ ಭೀಮಶ್ಯಾ ಎರಡೂ ಕೈಯಿಂದ ತೊಡಿ ಹಿಡಕೊಂಡ.

"ನೋಡು ತಮ್ಮಾ" ಅಂದ್ರು ಡಾಕ್ಟರು. "ಹರದ ಹುರಿ ಹೊಲದ್ರ ನಿಲ್ಲೂದಿಲ್ಲ. ಅಲ್ಲಿ ಹೊಸ ಹುರಿ ಹಾಕಬೇಕು, ಅದನ್ನ ನಿನ್ನ ಮೈಯಾಗಿಂದ ತೆಗೀಬೇಕು. ಎಲ್ಲಿಂದ ತೆಗೀಲಿ ಅನ್ನೂದು ನೀ ಹೇಳೂದರ ಮ್ಯಾಲ ಅದ. ಒಂದು, ಮುಂದಿನ ಪಟ್ಟಿ. ಮೊಣಕಾಲ ಚಿಪ್ಪಿನ ತೆಳಗ ಗಟ್ಟಿ ಪಟ್ಟಿ ಇರ್ತದ, ಮುಟ್ಟಿ ನೋಡು. ಅದರ ನಡುವಿನ ಪಾಲು ಎರಡೂ ತುದಿಯ ಎಲುಬಿನ ತುಣುಕು ಸಮೇತ ತೆಗೀತೀನಿ. ಎಲುಬಿಗೆ ಎಲುಬು ಕೂಡ್ತದ, ಭಾಳ ಗಟ್ಟಿ ನಿಲ್ತದ. ಆದ್ರ ತೆಗದ ಜಾಗಾ ನೋಯ್ತದ. ಆ ಮೊಣಕಾಲು ನೆಲಕ್ಕ ಊರೂದು ಜನ್ಮಕ್ಕ ಮರೀಬೇಕು."

ಭೀಮಶ್ಯಾ ಎಡ ಮೊಣಕಾಲ ಮ್ಯಾಲ ಅಂಗೈ ಮುಚ್ಚಿ ಇಟ್ಟ.

"ಎರಡನೇದು, ಹಿಂದಿನ ಹುರಿ. ಕಾಲು ಮಡಚಿದ್ರ ತೊಡಿ ಹಿಂದ ಹಗ್ಗದಾಂಗ ಕೈಗೆ ಸಿಗ್ತದ ನೋಡು, ಅದು. ಅದು ತೆಗದ್ರ ಮುಂದಿನ ಜಾಗಾಕ್ಕ ಪೆಟ್ಟಿಲ್ಲ, ಮೊಣಕಾಲು ಊರಿ ಕುಂದರಬಹುದು. ಆದ್ರ ತೆಳು. ಬರ್ತಾ ಬರ್ತಾ ಸಡಲ ಆದ್ರೂ ಆಗಬಹುದು, ಓಡೂದು ಹಾರೂದು ಮಾಡಿದ್ರ ಹೊಳ್ಳಿ ಕೈಕೊಡಬಹುದು. ಮೂರನೇದು ಪರದೇಶದಿಂದ ಬಂದ ಕರಿ ದಾರ. ಅದನ್ನ ನಾ ಹಾಕೂದಿಲ್ಲ. ಐದು ವರ್ಷ ಆದ ಮ್ಯಾಲ ಒಳಗ ಏನಾಗ್ತದ ಅನ್ನೂದು ನನಗ ಗೊತ್ತಿಲ್ಲ, ಹಾಕಾವರಿಗೂ ಗೊತ್ತಿಲ್ಲ." ಆಮ್ಯಾಲ ಪೆನ್ನು ತೆಗದು ಕೇಳಿದ್ರು: "ನಿನ್ನ ಉದ್ಯೋಗ ಏನು?"

ಭೀಮಶ್ಯಾನ ಬಾಯಿಗೆ "ಪರ್ಸಿ" ಅನ್ನೂ ಮಾತು ಬಂದೇ ಬಿಟ್ಟಿತ್ತು. ಹಿಂದ ನಿಂತ ಭಗವಂತ ಕೆಮ್ಮಿದ. "ಕಿರಾಣಿ ಅಂಗಡ್ಯಾಗ ಕೂಡ್ತಾನ್ರಿ. ಕುರ್ಚಿ ಮ್ಯಾಲ."

ಡಾಕ್ಟರು ಭೀಮಶ್ಯಾನ ಅಂಗೈ ತಿರುವಿ ನೋಡಿದ್ರು. "ಅಂಗಡಿಯವನ ಕೈಯಾಗ ಇಷ್ಟು ಗಂಟು?"

"ಗೋಣಿಚೀಲ ಎತ್ತತಾನ್ರಿ" ಅಂದ ಭಗವಂತ.

ಡಾಕ್ಟರು ಎಡ ಮೊಣಕಾಲ ಮ್ಯಾಲಿನ ಜಡ್ಡು ಹೆಬ್ಬೆರಳಿನಿಂದ ಒತ್ತಿದ್ರು. ಇಪ್ಪತ್ತು ವರ್ಷದ ಜಡ್ಡು ಅದು, ಕರ್ರಗ ದಪ್ಪಗ ಇತ್ತು. "ಮತ್ತ ಇದು? ಗೋಣಿಚೀಲ ಮೊಣಕಾಲಿನಿಂದ ಎತ್ತತಾನೇನು?"

ಭಗವಂತ ಟವೆಲ್ಲಿನಿಂದ ಕುತ್ತಿಗಿ ಒರಿಸಿಕೊಂಡ. ಆಮ್ಯಾಲ ಅಂದ: "ಹರಕಿ ಇತ್ರಿ. ಮೊಣಕಾಲ ಮ್ಯಾಲ ಗುಡಿ ಸುತ್ತಿದಾನ. ವರ್ಷಾವರ್ಷ."

ಅಯ್ಯಯ್ಯೋ! ಭೀಮಶ್ಯಾನ ಅಪ್ಪ ಮನಿಯ ದೇವರ ಜಗಲಿ ತೆಗದು ಬುದ್ಧನ ಫೋಟೋ ಇಟ್ಟಾಂವ. ಹರಕಿ ಹೊತ್ತ ಮನಿ ಅಲ್ಲ ಅದು, ಹರಕಿ ಹೊರಾವರನ್ನ ಕುಂದರಿಸಿ ಬುದ್ಧಿ ಹೇಳೂ ಮನಿ. ನಾಚಿಕಿಯಿಂದ ಭೀಮಶ್ಯಾನ ಕಿವಿ ಬಿಸಿ ಆದ್ವು. ಡಾಕ್ಟರು ಅವನ ಮುಖಾನೇ ನೋಡಿ ಕೇಳಿದ್ರು: "ಹರಕಿ ಮುಗೀತೇನೋ? ಇನ್ನ ಊರೂದಿಲ್ಲಲ್ಲ? ನೀ ಹೇಳು, ಅವ ಬ್ಯಾಡ."

ಆ ಮನುಷ್ಯ ಚಿಂಚೋಳಿಯಾಂವ. ಒಂದು ಮಾತು ಬಿಟ್ಟಿದ್ರ ಅರ್ಥ ಆಗ್ತಿತ್ತು. ಭೀಮಶ್ಯಾಗ ಅದು ಗೊತ್ತಿತ್ತು. ಗಣಿಯಾಗಿನ ನಲವತ್ತು ಮಂದಿಯ ಮುಖಾನೂ ಗೊತ್ತಿತ್ತು.

"ಮುಗೀತ್ರಿ ಸಾಹೇಬ್ರ" ಅಂದ.

ಸಂಜೀಕ ಅನಸುಬಾಯಿ ರೊಟ್ಟಿ ಮುರದು ಕೊಡ್ತಾ ಎಲ್ಲಾ ಕೇಳಿ ತಿಳಕೊಂಡಳು. ಅಂಗಡಿ ಅಂದಾಗ ಸುಮ್ನಿದ್ದಳು, ಸೈಕಲ್ ಅಂದಾಗ ನಕ್ಕಳು. ಹರಕಿ ಅಂದಾಗ ರೊಟ್ಟಿ ಕೈಯಾಗ ಹಾಂಗ ನಿಂತಿತು.

"ಹರಕಿ? ನಮ್ಮ ಮನ್ಯಾಗ? ಮಾವ ಬದುಕಿದ್ರ ನಿಮ್ಮ ಇನ್ನೊಂದು ಕಾಲೂ ಮುರೀತಿದ್ರು." ಆಮ್ಯಾಲ ದನಿ ತಗ್ಗಿಸಿದಳು. "ಮುಂದಿಂದು ತೆಗದ್ರ ಕಲ್ಲಿನ ಮ್ಯಾಲ ಕುಂದರ್ಲಿಕ್ಕೆ ಬರೂದಿಲ್ಲ ಅಂದ್ರಲ್ಲ?"

"ಹೌದು."

"ಹಿಂದಿಂದು ತೆಗೀರಿ ಅನ್ರಿ ಹಂಗಾರ. ಉದ್ಯೋಗ ಹೇಳಬ್ಯಾಡ್ರಿ, ಹಿಂದಿಂದು ಬೇಕು ಅಂತ ಅಷ್ಟ ಅನ್ರಿ."

"ಯಾಕ ಅಂತ ಕೇಳ್ತಾರಲ್ಲ."

"ನಾ ಹೇಳ್ತೀನಿ. ಖರೇ ಹೇಳ್ತೀನಿ, ಏನ್ ಆಗ್ತದೋ ಆಗ್ಲಿ."

"ನಿಮ್ಮಣ್ಣ ದೇವಿಂದ್ರಪ್ಪನೂ ಅದೇ ಗಣ್ಯಾಗ ಇದಾನ, ಅನಸೂ. ಮೂರು ಹೆಣ್ಣು ಮಕ್ಕಳು ಅವನಿಗೆ."

ಅನಸುಬಾಯಿ ಉಳಿದ ರೊಟ್ಟಿ ಗಂಟಿನಾಗ ಕಟ್ಟಿದಳು. ಗಂಡನ ಮೊಣಕಾಲು ಒಂದ್ಕಡಿ, ಅಣ್ಣನ ಮನಿ ಒಂದ್ಕಡಿ. ಏನ್ ಮಾಡ್ಬೇಕು ಆಕಿ? ಸೆರಗಿನಾಗ ಮುಖ ಒರಿಸಿಕೊಂಡು, "ಮುಂಜಾನಿ ಹಿಂದಿಂದು ಅಂತ ಅನ್ರಿ, ನನ್ನಾಣಿ" ಅಂದಳು. ಅವ ಆತು ಅಂದ. ಖರೇನ ಅನ್ನೂ ಮನಸ್ಸಿತ್ತು ಅವನಿಗೆ. ಎಲ್ಲಾ ಮಾತು ಹೊಂದಿಸಿಕೊಂಡಿದ್ದ: ಸಾಹೇಬ್ರ, ನನಗ ನೆಲದ ಮ್ಯಾಲ ಕುಂದರೂ ರೂಢಿ, ಅಷ್ಟ.

ಮುಂಜಾನಿ ನರ್ಸು ರಶೀದಾಬೇಗಂ ಬಂದು, ಡಾಕ್ಟರ್ ಸಾಹೇಬ್ರು ಬರಾಕತ್ತಾರ, ಹೆಣ್ಣುಮಕ್ಕಳೆಲ್ಲ ಹೊರಗ ನಡೀರಿ ಅಂತ ಎಲ್ಲರನ್ನೂ ಕಳಿಸಿದಳು. ಅನಸುಬಾಯಿ ಬಾಗಲದಾಗ ನಿಂತು ಗಂಡನ ಕಡಿ ನೋಡಿದಳು. ಅವ ಆತು ಅಂತ ಗೋಣು ಹಾಕಿದ. ಭಗವಂತ ಚಾ ಹಿಡಿದು ಒಳಗ ಬಂದ. ಗಂಡಸರನ್ನ ಯಾರೂ ಹೊರಗ ಹಾಕಲಿಲ್ಲ.

ಡಾಕ್ಟರ ಹಿಂದ ಹತ್ತು ಹನ್ನೆರಡು ಮಂದಿ ಓದೂ ಹುಡುಗರು, ಎಲ್ಲರ ಕೈಯಾಗ ವಹಿ. ಚಂದ್ರಾಮಪ್ಪನವರು ಭೀಮಶ್ಯಾನ ಕಾಲು ತಮ್ಮ ಅಂಗೈಯಾಗ ಎತ್ತಿ ಹಿಡಿದ್ರು. ಮುಂದಿನ ಪಟ್ಟಿ ಹಿಂದಿನ ಹುರಿ ಎರಡರ ಗುಣಾ ಅವಗುಣಾ ಇಂಗ್ಲಿಷಿನಾಗ ಹೇಳಿದ್ರು. ಭೀಮಶ್ಯಾಗ ಮಾತು ತಿಳೀಲಿಲ್ಲ, ಆದ್ರ ಬೆರಳು ತಿಳೀತಿತ್ತು. ಬೆರಳು ಮುಂದ ಬಂತು, ಹಿಂದ ಹೋತು, ಮತ್ತ ಮುಂದ ಬಂತು, ಅಲ್ಲೇ ನಿಂತಿತು. ಕಡೀಕ ಅವನ ಭುಜಾ ತಟ್ಟಿ ಹುಡುಗರಿಗೆ ತಿಳಿಯಾಂಗ ನಮ್ಮ ಮಾತಿನಾಗ ಅಂದ್ರು: "ಮೊದಲು ಚಾಕು ಹಿಡೀಬ್ಯಾಡ್ರಿ, ಮೊದಲು ಕೇಳ್ರಿ. ಈ ಕಾಲಿನಿಂದ ಇವ ಏನ್ ಮಾಡ್ತಾನ? ಇವ ಹೊಲದಾಂವ ಇದ್ರ, ಕಲ್ಲು ಕಡಿಯಾಂವ ಇದ್ರ, ಐದು ಹೊತ್ತು ನಮಾಜು ಮಾಡಾಂವ ಇದ್ರ ಮುಂದಿನ ಪಟ್ಟಿ ನಾ ಮುಟ್ಟೂದಿಲ್ಲ. ಆದ್ರ ಇವ ಅಂಗಡಿಯಾಂವ. ಕುರ್ಚಿ ಮ್ಯಾಲ ಕೂಡ್ತಾನ. ಇವನಿಗೆ ಮುಂದಿನ ಪಟ್ಟಿನ ಸರಿ. ಹೌದಲ್ಲೋ ಭೀಮಶ್ಯಾ?"

ಕಲ್ಲು ಕಡಿಯಾಂವ ಅನ್ನೂ ಮಾತು ಕಿವಿಗೆ ಬಿದ್ದು ಭೀಮಶ್ಯಾ ತಲಿ ಎತ್ತಿದ. ಹನ್ನೆರಡು ಮಂದಿ ಪೆನ್ನು ಹಿಡಿದು ಅವನ ಬಾಯಿ ನೋಡಾಕತ್ತಿದ್ರು. ಹಿಂದ ಭಗವಂತ ಚಾದ ಕಪ್ಪು ನೆಲಕ್ಕಿಟ್ಟು ಬಾಗಲ ಕಡಿ ಒಂದು ಹೆಜ್ಜಿ ಸರದ. ಹೆದರಿದಾಂವ ಭೀಮಶ್ಯಾ ಒಬ್ಬನ ಅಲ್ಲ. ಈಗ ಅಲ್ಲ ಅಂದ್ರ ಡಾಕ್ಟರ ಮಾತು ಎಲ್ಲರೆದುರು ಸುಳ್ಳಾದಾಂಗ, ಭಗವಂತ ಸಿಕ್ಕಿಬಿದ್ದಾಂಗ, ಗಣಿ ಮುಚ್ಚಿದಾಂಗ.

"ಹೌದ್ರಿ" ಅಂದ. ಹನ್ನೆರಡು ಮಂದಿ ಬರಕೊಂಡ್ರು.

ಆಪರೇಷನ್ ಚೊಲೋ ಆತು. ಕೈಗುಣ ಇದ್ದ ಡಾಕ್ಟರು, ಅದರಾಗ ಎರಡು ಮಾತಿಲ್ಲ. ಆರು ವಾರ ಕಾಲಿಗೆ ಪ್ಲಾಸ್ಟರು, ಆಮ್ಯಾಲ ಎರಡು ಕಂಕುಳ ಕೋಲು, ಆಮ್ಯಾಲ ಒಂದು, ಆಮ್ಯಾಲ ಅನಸುಬಾಯಿಯ ಭುಜ. ಏಳನೇ ತಿಂಗಳಿಗೆ ಭೀಮಶ್ಯಾ ವಾಡಿ ಸ್ಟೇಷನ್ನಿನ ಮೆಟ್ಟಲಾ ಯಾರನ್ನೂ ಹಿಡೀದ ಏರಿ ಇಳದ. ಮೊಣಕಾಲು ಒಮ್ಮಿನೂ ಕೈಕೊಡ್ಲಿಲ್ಲ. ಓಣಿ ಮಂದಿ ನೋಡಿ ಕುಣದಾಡಿದ್ರು. ಹಮೀದಾಬಿ ಅಂತ, ಓಣಿ ತುದಿಯಾಗ ಕಿರಾಣಿ ಅಂಗಡಿ ಇಟ್ಟಿದ್ದ ವಿಧವೆ, ಒಂದು ಮುಷ್ಟಿ ಸಕ್ರಿ ತಂದು ಎಲ್ಲರ ಬಾಯಿಗೆ ಹಾಕಿದಳು.

ಮರುದಿನ ಮುಂಜಾನಿ ಭೀಮಶ್ಯಾ ತನ್ನ ಚಾಣ, ಸುತ್ತಿಗಿ ತೊಗೊಂಡು ಗಣಿಗಿಳದ. ಎಲ್ಲರೂ ಕೈ ಬಿಟ್ಟು ನಿಂತ್ರು. ಒಂದು ಚಂದನ ಪರ್ಸಿ ಆರಿಸಿದ, ಗೆರಿ ಹಾಕಿದ, ಎಡ ಮೊಣಕಾಲು ಊರಿದ.

ಊರಿದ ಗಳಿಗಿಗೇ ಕೆಂಡ ತುಳದಾಂಗ ಎದ್ದ.

ಗೋಣಿ ಮಡಚಿ ಹಾಕಿದ. ಲಾರಿಯ ಹಳೇ ಟ್ಯೂಬ್ ಹಾಕಿದ. ಅನಸುಬಾಯಿ ಕೌದಿಯ ನಾಕು ಪದರು ಕೂಡಿಸಿ ಹೊಲದು ಮೊಣಕಾಲಿಗೆ ಕಟ್ಟಿದಳು. ಕೌದಿ ಕಟ್ಟಿದ್ರ ಊರ್ಲಿಕ್ಕೆ ಬಂತು, ಆದ್ರ ಕಲ್ಲು ಮಾತಾಡೂದು ನಿಂತಿತು, ಒಳಗಿನ ನಡುಕ ಏನೂ ತಿಳೀಲಿಲ್ಲ. ನಾಕು ಏಟಿಗೆ ನೋವೂ ಹೊಳ್ಳಿ ಬಂತು. ಬಲ ಮೊಣಕಾಲು ಊರಿ ನೋಡಿದ, ಮೈ ತಿರುವಿತು, ಅಂಚು ಸೊಟ್ಟಾತು. ಎಲ್ಲರಂಗ ಕುಂಡಿ ಊರಿ ಕುಂತು ಕಡದ. ಆ ದಿನದ ಪರ್ಸಿ ಲಾರಿಗೆ ಏರೂ ಮುಂದ ಸಂದು ನೋಡಿದ. ಬೆರಳು ಒಳಗ ಹೋತು. ಎಲ್ಲರೂ, ದೇವಿಂದ್ರಪ್ಪ ಸುದ್ದಾ, ಬ್ಯಾರೆ ಕಡಿ ನೋಡಿದ್ರು. ಭೀಮಶ್ಯಾ ಕಲ್ಲಿನ ರಾಶಿ ಹಿಂದ ಹೋಗಿ ಅತ್ತ. ಮೂವತ್ನಾಕು ವರ್ಷದ ಗಂಡಸು ಗಣಿಯಾಗ ಅಳೂದು ಅಂದ್ರ ಏನು ಅಂತ ಕೇಳಬ್ಯಾಡ್ರಿ. ಅತ್ತ ಅಷ್ಟ.

ಭಗವಂತ ಎರಡು ತಿಂಗಳು ಅವನಿಗೆ ಗೆರಿ ಹಾಕೂ ಕೆಲಸ ಕೊಟ್ಟ. ಗೆರಿ ಹಾಕಿ, ಬ್ಯಾರೆಯವರು ಕಡಿಯೂದು ನೋಡ್ತಾ ನಿಂದರೂದು ಅವನಿಂದ ಆಗ್ಲಿಲ್ಲ. ಒಂದಿನ ಭೀಮಶ್ಯಾ ಚಾಣ ಸುತ್ತಿಗಿ ದೇವಿಂದ್ರಪ್ಪನ ಕೈಗೆ ಕೊಟ್ಟು ಗಣಿಯಿಂದ ಮ್ಯಾಲ ಬಂದ. ಹಮೀದಾಬಿಗೆ ತಕ್ಕಡಿ ಹಿಡಿಯಾಂವ ಒಬ್ಬ ಬೇಕಾಗಿದ್ದ. ಅಂಗಡ್ಯಾಗ ಕುರ್ಚಿನೂ ಇತ್ತು. ಓಣಿಯವರ ದವಾಖಾನಿ ಚೀಟಿಯೊಳಗ ಖರೇ ಆದದ್ದು ಅದೊಂದ, ಅವಂದೊಂದ.

ವರ್ಷ ಆದ ಮ್ಯಾಲ ತೋರಸಾಕ ಬಾ ಅಂತ ಡಾಕ್ಟರು ಹೇಳಿದ್ರು. ಈ ಸಲ ಭಗವಂತ ಬರ್ಲಿಲ್ಲ. ಭೀಮಶ್ಯಾ ಅನಸುಬಾಯಿ ಇಬ್ಬರ ಹೋದ್ರು. ಚಂದ್ರಾಮಪ್ಪನವರು ಮೀನಖಂಡ ಹಿಡಿದು ಜಗ್ಗಿದ್ರು, ಕಾಲು ಖಾನಿಯಾಂಗ ಮುಂದ ಬರ್ಲಿಲ್ಲ. ಕುಣಿಸಿದ್ರು, ಒಂದು ಕಾಲ ಮ್ಯಾಲ ನಿಲ್ಲಿಸಿದ್ರು. ಭಾಳ ಖುಷಿ ಆದ್ರು. "ಏನ್ ಗಟ್ಟಿ ಕೂತದಲ್ಲೋ! ಅಂಗಡಿ ಹ್ಯಾಂಗ ನಡದದ?"

"ನಡದದ್ರಿ." ಭೀಮಶ್ಯಾ ನೆಲ ನೋಡಿದ. ಆಮ್ಯಾಲ ಕೇಳಿದ: "ಸಾಹೇಬ್ರ, ಈ ಮುಂದಿನ ಪಟ್ಟಿ ಹೊಳ್ಳಿ ಅಲ್ಲೇ ಕೂಡಸಿ, ಹಿಂದಿನ ಹುರಿ ತೊಗೊಳ್ಳಿಕ್ಕೆ ಬರ್ತದೇನ್ರಿ?"

ಡಾಕ್ಟರು ನಕ್ಕರು. "ತೆಗದದ್ದು ಹೊಳ್ಳಿ ಕೂಡೂದಿಲ್ಲೋ. ಯಾಕ, ಏನಾತು?"

ಅನಸುಬಾಯಿ ಈ ಸಲ ಹೊರಗ ಹೋಗಲಿಲ್ಲ. "ಅಂಗಡಿ ಈಗಿಂದು ಸಾಹೇಬ್ರ" ಅಂದಳು. "ಅವ್ರು ಪರ್ಸಿ ಕಡಿಯಾವ್ರು. ಇಪ್ಪತ್ತು ವರ್ಷ ಆ ಮೊಣಕಾಲು ಕಲ್ಲಿನ ಮ್ಯಾಲ ಊರಿ ಕಡದಾವ್ರು."

ಚಂದ್ರಾಮಪ್ಪನವರ ನಗು ಹಾಂಗ ಮುಖದ ಮ್ಯಾಲ ನಿಂತಿತು. ಸ್ಟೂಲಿನ ಮ್ಯಾಲ ಕುಂತುಬಿಟ್ರು. "ನಾ ಕೇಳಿದ್ನಲ್ಲೋ" ಅಂದ್ರು. "ಮೂರು ಸಲ ಕೇಳಿದ್ನಲ್ಲೋ ತಮ್ಮಾ."

"ಕೇಳಿದ್ರಿ ಸಾಹೇಬ್ರ. ನೀವು ಕೇಳಿದ್ರಿ." ಡಾಕ್ಟರಿಗೆ ಸಮಾಧಾನ ಹೇಳೂ ಪಾಳಿ ಅವಂದ ಆತು.

ಆಮ್ಯಾಲ ಡಾಕ್ಟರು ಭೀಮಶ್ಯಾನ ಹಳೇ ಚೀಟಿ ತೆಗದು, ಉದ್ಯೋಗದ ಮುಂದ ಕಿರಾಣಿ ಅಂತ ಬರದದ್ದರ ಮ್ಯಾಲ ಪೆನ್ನು ಇಟ್ರು. "ಇದನ್ನಾರ ಹೊಡದು ಖರೇದು ಬರೀತೀನಿ. ಹುಡುಗರಿಗೆ ತೋರಿಸ್ತೀನಿ. ನಾಳಿ ನಿಮ್ಮ ಓಣಿಯಿಂದ ಇನ್ನೊಬ್ಬ ಬಂದ್ರ ಅವನಿಗೆ ಹಿಂಗ ಆಗಬಾರದು. ಏನಂತ ಬರೀಲಿ, ಹೇಳು."

ಭೀಮಶ್ಯಾ ಅನಸುಬಾಯಿ ಕಡಿ ನೋಡಿದ. ಆಕಿ ಅವನ ಕಡಿ ನೋಡಿದಳು. ದೇವಿಂದ್ರಪ್ಪ ಆ ಹೊತ್ತಿಗೆ ಅದೇ ಪರವಾನಗಿ ಇಲ್ಲದ ಗಣಿಯಾಗ ಭೀಮಶ್ಯಾನ ಚಾಣ ಹಿಡಿದು ಕುಂತಿರಬೇಕು.

"ಕಿರಾಣಿ ಅಂತನ ಇರ್ಲಿ ಬಿಡ್ರಿ, ಸಾಹೇಬ್ರ" ಅಂದ.